ಪೆಶ್ ಮೆರ್ಲ್‌ನ ಚುಕ್ಕೆಗುದುರೆಗಳು: ಚಿತ್ರದ ಸಾಕ್ಷ್ಯ, ಎಲುಬಿನ ಸಾಕ್ಷ್ಯ

ಫ್ರಾನ್ಸಿನ ನೈಋತ್ಯ ಭಾಗದಲ್ಲಿ ಪೆಶ್ ಮೆರ್ಲ್ ಎಂಬ ಗುಹೆಯಿದೆ. 1922ರಲ್ಲಿ ಬೆಳಕಿಗೆ ಬಂದ ಈ ಗುಹೆಯ ಭಿತ್ತಿಯ ಮೇಲೆ, ವಿರುದ್ಧ ದಿಕ್ಕುಗಳಿಗೆ ಮುಖಮಾಡಿದ ಎರಡು ಕುದುರೆಗಳನ್ನು ಸುಮಾರು 25,000 ವರ್ಷಗಳ ಹಿಂದೆ ಚಿತ್ರಿಸಲಾಗಿದೆ. ಅವುಗಳ ಮೈತುಂಬ ಕಪ್ಪು ಚುಕ್ಕೆಗಳು. ಕಾಡುಕುದುರೆಗೆ ಇಂಥ ಮೈಬಣ್ಣವಿರಲಾರದು, ಮನುಷ್ಯನು ಕುದುರೆಯನ್ನು ಪಳಗಿಸಿ ಆರಿಸಿ ಬೆಳೆಸಿದ ಮೇಲೆಯೇ ಅದು ಬಂದದ್ದು, ಆದುದರಿಂದ ಚಿತ್ರದಲ್ಲಿರುವುದು ಕಣ್ಣಿಗೆ ಕಂಡ ಪ್ರಾಣಿಯಲ್ಲ, ಯಾವುದೋ ಸಂಕೇತ ಎಂದು ಕೆಲವು ವಿದ್ವಾಂಸರು ವಾದಿಸಿದ್ದುಂಟು.

2011ರಲ್ಲಿ ಈ ವಾದದ ತಳಹದಿ ಅಲುಗಿತು. ಸೈಬೀರಿಯದಿಂದ ಐಬೀರಿಯದವರೆಗಿನ ನೆಲೆಗಳಲ್ಲಿ ದೊರೆತ, ಸಾಕಣೆಗೆ ಮುಂಚಿನ 31 ಕುದುರೆಗಳ ಅವಶೇಷಗಳಿಂದ ಡಿ.ಎನ್.ಎ. ತೆಗೆದು ಪರೀಕ್ಷಿಸಲಾಯಿತು. 18 ಕುದುರೆಗಳು ಕಂದು, 7 ಕಪ್ಪು. ಉಳಿದ 6ರಲ್ಲಿ ಚುಕ್ಕೆಗಳಿಗೆ ಕಾರಣವಾದ ವಂಶವಾಹಿಯ ರೂಪಾಂತರವು ಕಂಡುಬಂದಿತು. ಚುಕ್ಕೆಯ ಕುದುರೆಯು ಕೇವಲ ಕಲ್ಪನೆಯಲ್ಲವೆಂಬುದು ಇದರಿಂದ ಸ್ಪಷ್ಟ. ಆದರೆ ಚಿತ್ರಕಾರನು ಕಂಡುದನ್ನೇ ಬರೆದನೆಂದು ಇಷ್ಟರಿಂದಲೇ ತೀರ್ಮಾನಿಸುವವರ ಅವಸರವನ್ನು ನಾವು ಒಪ್ಪಲಾರೆವು. ಪೆಶ್ ಮೆರ್ಲ್‌ನ ಚುಕ್ಕೆಗಳು ಕುದುರೆಯ ಮೈಯ ಗೆರೆಯೊಳಗೆ ನಿಲ್ಲುವುದಿಲ್ಲ, ಹೊರಗೂ ಹರಡಿವೆ. ಸುತ್ತಲೂ ಅಂಗೈಯ ಗುರುತುಗಳಿವೆ. ಬರಿಯ ಬಂಡೆಯ ಮೇಲಿನ ಚುಕ್ಕೆಗೆ ಯಾವ ವಂಶವಾಹಿ ಹೊಣೆ? ಅಂಥ ಕುದುರೆ ಇದ್ದಿತೆಂದು ಎಲುಬು ಹೇಳಬಲ್ಲದು. ಚಿತ್ರಕಾರನ ಮನಸ್ಸಿನಲ್ಲಿ ಏನಿತ್ತೆಂಬುದು ಅದರ ವ್ಯಾಪ್ತಿಗೆ ಮೀರಿದ ಮಾತು.

ನಮಗೆ ಹೆಚ್ಚು ಮುಖ್ಯವೆಂದು ತೋರುವುದು ಈ ರೂಪಾಂತರದ ಮುಂದಿನ ಚರಿತ್ರೆ. ತಂದೆ ಅಥವಾ ತಾಯಿಯಿಂದ ಮಾತ್ರ ಅದನ್ನು ಪಡೆದ ಮರಿ ಚುಕ್ಕೆಯದಾಗಬಹುದು. ಇಬ್ಬರಿಂದಲೂ ಪಡೆದದ್ದು ಬಹುಮಟ್ಟಿಗೆ ಬೆಳ್ಳಗಿರುವುದಲ್ಲದೆ ಹುಟ್ಟಿನಿಂದಲೇ ಇರುಳುಗುರುಡಾಗಿರುತ್ತದೆ. ತೋಳಗಳು ತಿರುಗುವ ಬಯಲಿನಲ್ಲಿ ಅಂಥದು ಬಾಳುವುದು ಕಷ್ಟ. 31 ನೆಲೆಗಳ 96 ಎಲುಬುಗಳನ್ನು ಪರಿಶೀಲಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತುರ್ಕಿಯ ಕಾನ್ಲಿಗೆಚಿತ್ ನೆಲೆಯ, ಕ್ರಿ.ಪೂ. 2700-2200ರ ಅವಧಿಯ 10 ಸಾಕುಕುದುರೆಗಳ ಪೈಕಿ 6 ಚುಕ್ಕೆಯ ವಂಶದವೆಂದು ತಿಳಿದುಬಂದಿದೆ. ಅವುಗಳಲ್ಲೊಂದು ರೂಪಾಂತರವನ್ನು ಎರಡೂ ಕಡೆಯಿಂದ ಪಡೆದಿದ್ದಿತು. ಆದರೂ ಪ್ರಾಯಕ್ಕೆ ಬಂದಿದ್ದಿತು. ಕತ್ತಲಾದರೆ ಕಣ್ಣು ಕಾಣದ ಆ ಪ್ರಾಣಿಯನ್ನು ಯಾರೋ ಕಾದು ಸಾಕಿರಬೇಕೆಂದು ಊಹಿಸಿದರೆ ತಪ್ಪಾಗಲಾರದು. ಬರಹವನ್ನು ಬಿಟ್ಟುಹೋಗದ ಜನರ ಅಭಿರುಚಿಯು ಇಷ್ಟು ಸಮೀಪದಿಂದ ಕಾಣಸಿಗುವುದು ಅಪೂರ್ವ.

ಕಂಚಿನ ಯುಗದ ಕೊನೆಯ ವೇಳೆಗೆ ಈ ವಂಶ ಬಹುತೇಕ ಮರೆಯಾಗಿ, ಕಬ್ಬಿಣದ ಯುಗದಲ್ಲಿ, ಬಹುಶಃ ಕಾಡುಕುದುರೆಗಳ ಬೆರಕೆಯಿಂದ, ಮರಳಿ ಬಂದಿತು. ಮಧ್ಯಯುಗದಲ್ಲಿ ಮತ್ತೆ ಇಳಿಮುಖ; ಕೆಂಗಂದು ಬಣ್ಣದ, ಮಚ್ಚೆಯಿಲ್ಲದ ಕುದುರೆಗಳದೇ ಮೇಲುಗೈಯಾಯಿತೆಂದು 2016ರ ಅಧ್ಯಯನವೊಂದು ತೋರಿಸಿದೆ. ಇದಕ್ಕೆ ಇರುಳುಗುರುಡೂ ಒಂದು ಕಾರಣವಿರಬಹುದೆನ್ನುತ್ತಾರೆ. ಅದೊಂದೇ ಸಾಲದೆಂದು ನಮ್ಮ ಅಭಿಪ್ರಾಯ. ಕಣ್ಣಿಗೆ ಯಾವ ಕೇಡನ್ನೂ ಮಾಡದ ಬೇರೆ ಬಗೆಯ ಬಿಳಿ ಮಚ್ಚೆಗಳೂ ಅದೇ ಕಾಲದಲ್ಲಿ ಏಕೆ ವಿರಳವಾದುವು? ಉತ್ತರವನ್ನು ಆ ಕುದುರೆಗಳನ್ನು ಕೊಂಡವರ, ಏರಿದವರ ಲೆಕ್ಕಪತ್ರಗಳಲ್ಲಿಯೂ ಬರಹಗಳಲ್ಲಿಯೂ ಹುಡುಕಬೇಕಾಗಿದೆ.