ಹೋಯಿ ಆನ್‌ನ ಜಪಾನೀ ಸೇತುವೆ: ಶಾಸನ ಹೇಳುವುದೆಷ್ಟು, ನಾವು ಸೇರಿಸಿದ್ದೆಷ್ಟು?

ವಿಯೆಟ್ನಾಂನ 20,000 ಡಾಂಗ್ ನೋಟನ್ನು ಕೈಗೆತ್ತಿಕೊಂಡರೆ ಹಿಂಬದಿಯಲ್ಲಿ ಹೆಂಚಿನ ಮಾಡು ಹೊದ್ದ, ಬಾಗಿದ ಬೆನ್ನಿನ ಒಂದು ಪುಟ್ಟ ಸೇತುವೆ ಕಾಣುತ್ತೆ. ಹೋಯಿ ಆನ್ ಎಂಬ ಹಳೆಯ ಬಂದರು ಪಟ್ಟಣದಲ್ಲಿ ಸಣ್ಣ ತೋಡೊಂದರ ಮೇಲೆ ನಿಂತಿರುವ ಇದರ ಉದ್ದ ಸುಮಾರು 18 ಮೀಟರ್, ಅಷ್ಟೇ. ಮರದ ಕೆತ್ತನೆ, ಮಾಡಿನ ಮೇಲೆ ಪಿಂಗಾಣಿ ಚೂರುಗಳ ಅಲಂಕಾರ, ಪಕ್ಕಕ್ಕೆ ಅಂಟಿಕೊಂಡಂತೆ ಒಂದು ಗುಡಿ. ಹೆಸರು ಜಪಾನೀ ಸೇತುವೆ. ಯಾರು ಕಟ್ಟಿದ್ದು, ಯಾವಾಗ ಅಂತ ಕೇಳಿದರೆ ಪ್ರವಾಸಿ ಪುಸ್ತಕಗಳು ತಡಮಾಡದೆ ಉತ್ತರ ಕೊಡ್ತವೆ: ಜಪಾನೀ ವರ್ತಕರು, 1593.

ಶಾಸನ ಓದುವವರಿಗೆ ಇಷ್ಟು ಸಲೀಸಾದ ಉತ್ತರ ಕಂಡರೆ ಸ್ವಲ್ಪ ಗುಮಾನಿ ಬರಬೇಕು.

ಸೇತುವೆಯ ಎರಡು ತುದಿಗಳನ್ನು ನೋಡಿ. ಒಂದು ಕಡೆ ಜೋಡಿ ಮಂಗ, ಇನ್ನೊಂದು ಕಡೆ ಜೋಡಿ ನಾಯಿ. ಮಂಗನ ವರ್ಷದಲ್ಲಿ ಕೆಲಸ ಶುರುವಾಗಿ ನಾಯಿಯ ವರ್ಷದಲ್ಲಿ ಮುಗಿಯಿತು, ಅದರ ಗುರುತಿಗೇ ಈ ಮೂರ್ತಿಗಳು ಅನ್ನೋದು ಜನಪ್ರಿಯ ವಿವರಣೆ. ಸರಿ, ಲೆಕ್ಕ ಹಾಕೋಣ. ಪೂರ್ವ ಏಷ್ಯಾದ ಹನ್ನೆರಡು ವರ್ಷಗಳ ಚಕ್ರದಲ್ಲಿ 1593 ಬರುವುದು ಹಾವಿನ ವರ್ಷವಾಗಿ! ಅದರ ಹತ್ತಿರದ ಮಂಗನ ವರ್ಷ 1596, ನಾಯಿಯ ವರ್ಷ 1598. ಅಂದರೆ ಒಂದೇ ಫಲಕದಲ್ಲಿ ಅಕ್ಕಪಕ್ಕ ಹೇಳುವ ಎರಡು ಮಾತು ಒಂದಕ್ಕೊಂದು ಕೂಡೋದೇ ಇಲ್ಲ. ನಮ್ಮಲ್ಲಿ ಶಕವರ್ಷಕ್ಕೂ ಸಂವತ್ಸರಕ್ಕೂ ತಾಳೆ ಬೀಳದಿದ್ದರೆ ಏನು ಮಾಡ್ತೀವಿ? ಲಿಪಿಕಾರನ ತಪ್ಪೋ, ಕೂಟಶಾಸನವೋ ಅಂತ ಮತ್ತೆ ಮತ್ತೆ ಪರೀಕ್ಷೆ ಮಾಡ್ತೀವಿ. ಇಲ್ಲಿ ಮಾತ್ರ ಎರಡನ್ನೂ ಒಟ್ಟಿಗೆ ನಂಬಿಬಿಟ್ಟಿದ್ದಾರೆ. 1593 ಬಿಟ್ಟು ಮಂಗ-ನಾಯಿಯನ್ನೇ ಹಿಡಿದರೂ ತೀರ್ಮಾನ ಸಿಗಲ್ಲ. 1608, 1620, 1632 ಕೂಡ ಮಂಗನ ವರ್ಷಗಳೇ. ಅಷ್ಟಕ್ಕೂ ಅವು ಬರೀ ಕಾವಲು ಪ್ರಾಣಿಗಳೂ ಆಗಿರಬಹುದು, ನಮ್ಮ ದೇವಸ್ಥಾನದ ಮೆಟ್ಟಿಲ ಇಕ್ಕೆಲದ ಆನೆ, ಯಾಳಿಗಳ ಹಾಗೆ.

ಇನ್ನು ಬರಹದ ಸಾಕ್ಷಿಗೆ ಬರೋಣ. 1719ರಲ್ಲಿ ಆ ಸೀಮೆಯ ಒಡೆಯ ನ್ಗುಯೆನ್ ಫುಕ್ ಚು ಹೋಯಿ ಆನ್‌ಗೆ ಬಂದಾಗ ಸೇತುವೆಗೆ 'ಲಾಯಿ ವಿಯೆನ್ ಕಿಯೆವ್' ಎಂದು ಹೆಸರಿಟ್ಟ. ದೂರದಿಂದ ಬಂದವರ ಸೇತುವೆ ಎಂಬರ್ಥದ ಆ ಮೂರು ಚೀನೀ ಅಕ್ಷರಗಳು ಇಂದಿಗೂ ಬಾಗಿಲ ಮೇಲಿನ ಫಲಕದಲ್ಲಿವೆ. ಹೆಸರಿಡುವ ಹೊತ್ತಿಗೆ ಸೇತುವೆ ಇತ್ತು ಅನ್ನೋದು ಇದರಿಂದ ಖಚಿತ. ಕಟ್ಟಿದವರ ವಿಷಯ ಇದರಲ್ಲಿಲ್ಲ. ಆ ಮಾತು ಬರೋದು 1817ರ ಜೀರ್ಣೋದ್ಧಾರ ಶಾಸನದಲ್ಲಿ. ಆದರೆ ಹೇಗೆ ಬರುತ್ತೆ ಗೊತ್ತಾ? ಸೇತುವೆ ಪುರಾತನವಾದದ್ದು, ಜಪಾನ್ ದೇಶದವರು ಮಾಡಿದರೆಂದು ಪ್ರತೀತಿ, ಅಂತ. ಪ್ರತೀತಿ! ಶಾಸನ ಬರೆದವನೇ ಎಚ್ಚರದಿಂದ ಬಳಸಿದ ಈ ಒಂದು ಪದವನ್ನು ಆಮೇಲಿನವರು ಸದ್ದಿಲ್ಲದೆ ಕೈಬಿಟ್ಟರು. ಕಟ್ಟಿ ಸುಮಾರು ಎರಡು ಶತಮಾನಗಳ ಬಳಿಕ ಬರೆಯುವವನಿಗೆ ಅದಕ್ಕಿಂತ ಪ್ರಾಮಾಣಿಕ ಪದ ಸಿಗುತ್ತಿರಲಿಲ್ಲ.

ಹಾಗಂತ ಜಪಾನೀಯರ ಕಥೆಯನ್ನೇ ತಳ್ಳಿಹಾಕಬೇಕಿಲ್ಲ. 1618ರಿಂದ ಕೆಲವು ವರ್ಷ ಅಲ್ಲಿದ್ದ ಇಟಲಿಯ ಪಾದ್ರಿ ಕ್ರಿಸ್ತೋಫೊರೊ ಬೊರ್ರಿ, ಪಟ್ಟಣದಲ್ಲಿ ಚೀನೀಯರದೊಂದು, ಜಪಾನೀಯರದೊಂದು ಕೇರಿ ಬೇರೆಬೇರೆಯಾಗಿ ಇದ್ದುದನ್ನು ಬರೆದಿದ್ದಾನೆ. ಅದಕ್ಕಿಂತ ನನಗೆ ಹೆಚ್ಚು ಮುಖ್ಯ ಅನ್ಸೋದು ಡಾ ನಾಂಗ್ ಹತ್ತಿರದ ಅಮೃತಶಿಲೆ ಬೆಟ್ಟದ ಗುಹೆಯಲ್ಲಿರುವ 1640ರ ಶಾಸನ. ಬೌದ್ಧ ಕೆಲಸಕ್ಕೆ ಕೈಯೆತ್ತಿ ಕೊಟ್ಟವರ ಪಟ್ಟಿಯಲ್ಲಿ ಜಪಾನೀ ಕೇರಿಯ ದಾನಿಗಳೂ ಇದ್ದಾರೆ. ಸೇತುವೆಯ ಸುದ್ದಿ ಅದಲ್ಲ, ನಿಜ. ಆದರೆ ಆ ಜನ ಅಲ್ಲಿ ಬಾಳಿದ್ದರು, ಸಾರ್ವಜನಿಕ ಕೆಲಸಕ್ಕೆ ಹಣ ಬಿಚ್ಚುವಷ್ಟು ಬೇರೂರಿದ್ದರು ಎಂಬುದಕ್ಕೆ ಆ ಕಾಲದ್ದೇ ಕಲ್ಲು ಸಾಕ್ಷಿ. 1635ರಲ್ಲಿ ಜಪಾನ್ ತನ್ನವರ ಹೊರದೇಶದ ಪ್ರಯಾಣವನ್ನೇ ನಿಷೇಧಿಸಿದ ಮೇಲೆ ಆ ಕೇರಿಗೆ ಹೊಸಬರು ಬರೋದು ನಿಂತಿತು. ಕಟ್ಟಿದ್ದು ಅವರೇ ಆಗಿದ್ದರೆ 17ನೇ ಶತಮಾನದ ಮೊದಲ ಮೂರು ದಶಕ ಅನ್ನೋದು ನನ್ನ ಊಹೆ. ಅದಕ್ಕಿಂತ ನಿಖರವಾಗಿ ಹೇಳಲು ಆಧಾರ ಸಾಲದು.

ಕಟ್ಟಡವನ್ನೇ ನೋಡಿ ಕಾಲ ಹೇಳೋಣ ಅಂದ್ರೆ ಅದೂ ಕಷ್ಟ. ಮತ್ತೆ ಮತ್ತೆ ದುರಸ್ತಿ ಕಂಡು ಮಾಡು, ಕೆತ್ತನೆಗಳಲ್ಲಿ ಈಗ ಎದ್ದು ಕಾಣೋದು ಚೀನೀ, ವಿಯೆಟ್ನಾಮೀ ಕೈಚಳಕ. ಫ್ರೆಂಚರ ಕಾಲದಲ್ಲಿ ಮೋಟಾರು ಓಡಲೆಂದು ಸೇತುವೆಯ ಬೆನ್ನನ್ನೇ ಚಪ್ಪಟೆ ಮಾಡಿದ್ದರು. 1986ರಲ್ಲಿ ಮತ್ತೆ ಬಾಗಿಸಿದರು. ಒಳಗಿನ ಗುಡಿಯಲ್ಲಿ ಪೂಜೆಗೊಳ್ಳುವವನು ಉತ್ತರ ದಿಕ್ಕಿನ ಅಧಿಪತಿ, ಚೀನೀ ದೇವರು. ಜಪಾನೀ ಬುದ್ಧನಲ್ಲ.

ಸ್ಥಳೀಯರು ಹೇಳುವ ಕಥೆಯಲ್ಲಿ ನಮಗೂ ಒಂದು ಪಾಲಿದೆ. ನೆಲದಡಿ ಮಲಗಿದ ಮಹಾಜಂತುವಿನ ತಲೆ ಭಾರತದಲ್ಲಿ, ಬಾಲ ಜಪಾನಿನಲ್ಲಿ, ಬೆನ್ನು ಹೋಯಿ ಆನ್‌ನಲ್ಲಂತೆ. ಅದು ಮಿಸುಕಿ ಭೂಕಂಪವಾಗದಿರಲಿ ಎಂದು ಬೆನ್ನಿಗೆ ಚುಚ್ಚಿದ ಕತ್ತಿಯೇ ಈ ಸೇತುವೆ.

2024ರ ಆಗಸ್ಟ್‌ನಲ್ಲಿ ಇತ್ತೀಚಿನ ದುರಸ್ತಿ ಮುಗಿಸಿ ಸೇತುವೆಯನ್ನು ಮತ್ತೆ ತೆರೆದರು. ಬಣ್ಣ ತೀರಾ ಹೊಸದಾಗಿ ಕಾಣುತ್ತೆ, ಹಳೆಯ ಕಳೆಯೇ ಹೋಯ್ತು ಅಂತ ದೊಡ್ಡ ಗಲಾಟೆ ಆಯ್ತು. ಹೋದವರು ಬಣ್ಣ ನೋಡಿ, ಬೇಡ ಅನ್ನಲ್ಲ. ಜೊತೆಗೆ 1817ರ ಶಾಸನದ ಬಗ್ಗೆಯೂ ನಿಮ್ಮ ಗೈಡನ್ನು ಒಮ್ಮೆ ಕೇಳಿ.