ಕೆಮ್ಮಣ್ಣುಗುಂಡಿಯ ಹೂವು ಮತ್ತು ಬೆಳಕಿನ ಲೆಕ್ಕ

ತರೀಕೆರೆ ತಾಲ್ಲೂಕಿನ ಕೆಮ್ಮಣ್ಣುಗುಂಡಿಯು ನಾಲ್ವಡಿ ಕೃಷ್ಣರಾಜ ಒಡೆಯರ ಬೇಸಿಗೆಯ ಬಿಡಾರವಾಗಿದ್ದು, ಮುಂದೆ ತೋಟಗಾರಿಕೆ ಇಲಾಖೆಯ ಆಡಳಿತಕ್ಕೆ ಸೇರಿ, ಬಯಲುಸೀಮೆಯ ಅಂಚಿನ ಕಡೂರು, ಅಜ್ಜಂಪುರಗಳವರಿಗೂ ಹತ್ತಿರದ ಹೂದೋಟದ ಗಿರಿಧಾಮವಾಯಿತು. ಇಂಥ ತಾಣಗಳಲ್ಲಿ ಹೂವನ್ನು ಸಮೀಪದಿಂದ ಸೆರೆಹಿಡಿಯುವ ಕಲೆಯ ಇತಿಹಾಸವು ಬಹುಮಟ್ಟಿಗೆ ಬೆಳಕಿನ ಕೊರತೆಯನ್ನು ನೀಗಿಸಿಕೊಂಡ ಇತಿಹಾಸವಾಗಿದೆ.

ಹೂವು ಫಿಲ್ಮಿನ ಮೇಲೆ ನಿಜಗಾತ್ರದಲ್ಲಿ ಮೂಡಬೇಕಾದರೆ ಮಸೂರವನ್ನು ಫಿಲ್ಮಿನಿಂದ ದೂರಕ್ಕೆ ಸರಿಸಬೇಕಾಗುತ್ತಿತ್ತು. ಆಗ ತಲುಪುವ ಬೆಳಕು ಕಾಲುಭಾಗಕ್ಕೆ ಇಳಿಯುತ್ತಿದ್ದುದರಿಂದ, ಎಕ್ಸ್‌ಪೋಷರ್ ಅನ್ನು, ಎಂದರೆ ಫಿಲ್ಮಿಗೆ ತಾಗುವ ಬೆಳಕಿನ ಒಟ್ಟು ಪ್ರಮಾಣವನ್ನು, ಛಾಯಾಗ್ರಾಹಕನೇ ಲೆಕ್ಕಹಾಕಿ ನಾಲ್ಕುಪಟ್ಟು ಹೆಚ್ಚಿಸಬೇಕಿತ್ತು. 1935ರಲ್ಲಿ ಬಂದ ಕೊಡಕ್ರೋಮ್ ಫಿಲ್ಮು ಬಣ್ಣವನ್ನು ತಂದರೂ ಬೆಳಕಿಗೆ ತೀರ ನಿಧಾನವಾಗಿ ಸ್ಪಂದಿಸುತ್ತಿದ್ದುದರಿಂದ, ಗಾಳಿಗೆ ತೂಗುವ ಹೂವನ್ನು ಅಲುಗದಂತೆ ಹಿಡಿಯಲು ಫ್ಲ್ಯಾಶ್ ನೆರವಾಯಿತು. 1975ರ ಒಲಿಂಪಸ್ ಓಎಂ-2 ಕ್ಯಾಮೆರಾವು ಮಸೂರದ ಮೂಲಕ ಬಂದ ಫ್ಲ್ಯಾಶ್ ಬೆಳಕನ್ನು ತಾನೇ ಅಳೆದು ಈ ಲೆಕ್ಕದ ಹೊರೆಯನ್ನು ಇಳಿಸಿತು.

ಆದರೂ ಬೆಳಕುಮಾಪಕವು ಎಲ್ಲವನ್ನೂ ನಡುಬೂದು ಬಣ್ಣವೆಂದೇ ಎಣಿಸುವುದರಿಂದ, ಬಿಳಿ ಹೂವಿಗೆ ಎಕ್ಸ್‌ಪೋಷರ್ ಏರಿಸುವ ವಿವೇಕವು ಡಿಜಿಟಲ್ ಕಾಲದಲ್ಲಿಯೂ ಬೇಕಾಗಿದೆ. ನಡುಹಗಲಿನ ಬಿಸಿಲು ಎಸಳಿನ ನವಿರು ಗೆರೆಗಳನ್ನು ಅಳಿಸಿದರೆ, ಬೆಟ್ಟದ ಮೋಡವು ಬೆಳಕನ್ನು ಸಮನಾಗಿ ಹರಡಿ ಅವನ್ನು ಉಳಿಸುತ್ತದೆ. ಈ ಸೀಮೆಯ ಹೂಚಿತ್ರಕ್ಕೆ ಅದಕ್ಕಿಂತ ಒಳ್ಳೆಯ ಬೆಳಕಿಲ್ಲ.