ಹೊನ್ನಿನ ಊರಿನಲ್ಲಿ ನೇಣೂ ನ್ಯಾಯವೂ

ಚಿನ್ನ ದೊರೆತ ನಾಡಿಗೆ ಕಳ್ಳರು ಬಂದು ಸೇರುವುದು ಆಶ್ಚರ್ಯವಲ್ಲ. ಆ ಕಳ್ಳರು ತಂಡವಾಗಿ, ತಂಡವು ಮರೆಯ ಸರ್ಕಾರವಾಗಿ ಬೆಳೆಯುವುದು ಹೇಗೆ ಎಂಬುದೇ ವಿಚಾರಮಾಡತಕ್ಕ ವಿಷಯ. ಅಮೆರಿಕದ ಪಶ್ಚಿಮ ಕರಾವಳಿಯ ಸ್ಯಾನ್ ಫ್ರಾನ್ಸಿಸ್ಕೋ ನಗರದ ಅರುವತ್ತು ವರ್ಷಗಳ ಚರಿತ್ರೆ ಈ ಪ್ರಶ್ನೆಗೆ ಉತ್ತರ ಹೇಳಬಲ್ಲುದು. ಅದನ್ನು ಈ ದಿನ ಸಂಗ್ರಹವಾಗಿ ನೋಡೋಣ.

1848ನೆಯ ಇಸವಿ ಜನವರಿ 24ರಂದು ಕ್ಯಾಲಿಫೋರ್ನಿಯದ ಕೊಲೋಮ ಎಂಬಲ್ಲಿ, ಮರ ಕೊಯ್ಯುವ ಯಂತ್ರಕ್ಕಾಗಿ ತೋಡಿದ್ದ ಕಾಲುವೆಯಲ್ಲಿ, ಜೇಮ್ಸ್ ಮಾರ್ಷಲ್ ಎಂಬಾತನ ಕಣ್ಣಿಗೆ ಹೊನ್ನಿನ ಚೂರು ಬಿದ್ದಿತು. ಒಂಬತ್ತು ದಿನಗಳ ಅನಂತರ ಆದ ಸಂಧಿಯಿಂದ ಆ ಸೀಮೆ ಮೆಕ್ಸಿಕೋವಿನ ಕೈಬಿಟ್ಟು ಅಮೆರಿಕ ಸಂಯುಕ್ತ ಸಂಸ್ಥಾನಗಳಿಗೆ ಸೇರಿತು. ಹಳೆಯ ಅಧಿಕಾರ ಹೋಗಿತ್ತು. ಹೊಸತು ಇನ್ನೂ ಬೇರೂರಿರಲಿಲ್ಲ. ಇಂಥ ನಡುಗಾಲದಲ್ಲಿ ಲೋಕದ ನಾಲ್ಕು ಮೂಲೆಗಳಿಂದಲೂ ಜನರು ನುಗ್ಗಿಬಂದರು. ಸುಮಾರು 1,000 ಜನರಿದ್ದ ಸ್ಯಾನ್ ಫ್ರಾನ್ಸಿಸ್ಕೋ ಎರಡೇ ವರ್ಷಗಳಲ್ಲಿ ಸುಮಾರು 25,000 ಜನರ ಪಟ್ಟಣವಾಯಿತು. ನಾವಿಕರು ಹಡಗುಗಳನ್ನು ಬಂದರಿನಲ್ಲಿಯೇ ತೊರೆದು ಚಿನ್ನದ ಹೊಳೆಗಳಿಗೆ ಓಡಿದರು. ಆ ಹಡಗುಗಳಲ್ಲಿ ಕೆಲವು ಉಗ್ರಾಣಗಳಾದುವು, ಕೆಲವು ವಸತಿಗೃಹಗಳಾದುವು. ಯೂಫೀಮಿಯ ಎಂಬುದು ಊರಿನ ಸೆರೆಮನೆಯಾಯಿತು. ಹಡಗನ್ನೇ ಸೆರೆಮನೆ ಮಾಡಿಕೊಂಡ ಊರಿನಲ್ಲಿ ಕಾನೂನಿಗೆ ಬಲವೆಷ್ಟಿತ್ತೆಂಬುದನ್ನು ನಾವು ಊಹಿಸಬಹುದು.

ಆ ತೆರವನ್ನು ಮೊದಲು ತುಂಬಿದವರು ಪುಂಡರು. ‘ಹೌಂಡ್ಸ್’, ಎಂದರೆ ಬೇಟೆನಾಯಿಗಳು, ಎಂದು ಹೆಸರಾದ ತಂಡದಲ್ಲಿ ಸೇನೆಯಿಂದ ಬಿಡುಗಡೆಯಾದ ಸಿಪಾಯಿಗಳು ಅನೇಕರಿದ್ದರು. ಊರನ್ನು ಕಾಯುವವರು ತಾವೇ ಎಂದು ಹೇಳಿಕೊಂಡು ಸುಲಿಗೆ ಮಾಡುತ್ತಿದ್ದ ಇವರು 1849ರ ಜುಲೈ 15ರಂದು ಚಿಲಿ ದೇಶದವರ ಗುಡಾರಗಳನ್ನು ಹಾಳುಮಾಡಿದರು. ನಾಗರಿಕರು ಒಟ್ಟುಗೂಡಿ ಇವರನ್ನು ಅಡಗಿಸಿದರು. ಅನಂತರ ಆಸ್ಟ್ರೇಲಿಯದಿಂದ ಬಂದವರ ತಂಡಗಳ ಸರದಿ. ಊರಿಗೆ ಮೇಲಿಂದ ಮೇಲೆ ಬಿದ್ದ ಬೆಂಕಿಯ ಅಪವಾದವನ್ನೂ ಜನರು ಅವರ ಮೇಲೆಯೇ ಹೊರಿಸಿದರು. 1851ರ ಜೂನ್ ತಿಂಗಳಲ್ಲಿ ವರ್ತಕರು ಕಾವಲು ಸಮಿತಿಯೊಂದನ್ನು ಕಟ್ಟಿ, ತಿಜೋರಿ ಕದ್ದ ಜೆಂಕಿನ್ಸ್ ಎಂಬಾತನನ್ನು ಹಿಡಿದ ರಾತ್ರಿಯೇ ವಿಚಾರಿಸಿ ನೇಣುಹಾಕಿದರು. ಆ ವರ್ಷ ಇಂಥ ನೇಣಿಗೆ ನಾಲ್ವರು ಆಹುತಿಯಾದರು.

ರೋಗ ವಾಸಿಯಾಯಿತೆ? ಇಲ್ಲ, ಅದು ಬೀದಿಯನ್ನು ಬಿಟ್ಟು ಚುನಾವಣೆಯನ್ನು ಹೊಕ್ಕಿತು. 1856ರ ಮೇ 14ರಂದು, ಅಕ್ರಮಗಳನ್ನು ಬಯಲಿಗೆಳೆಯುತ್ತಿದ್ದ ಪತ್ರಿಕಾಸಂಪಾದಕ ಜೇಮ್ಸ್ ಕಿಂಗ್ ಅವರನ್ನು ಕೇಸಿ ಎಂಬ ರಾಜಕಾರಣಿ ಬೀದಿಯಲ್ಲಿಯೇ ಗುಂಡಿಟ್ಟು ಹೊಡೆದನು; ಆ ಗಾಯದಿಂದಲೇ ಅವರು ಅನಂತರ ಸತ್ತರು. ಸಮಿತಿ ಮತ್ತೆ ಎದ್ದಿತು. ಮತ್ತೆ ನಾಲ್ವರು ನೇಣುಗಂಬವೇರಿದರು. ಕಳ್ಳಮತಗಳನ್ನು ಅಡಗಿಸಿಡಲು ಜೋಡಿತಳವಿಟ್ಟು ಮಾಡಿದ್ದ ಮತಪೆಟ್ಟಿಗೆಯೊಂದು ಆಗ ಸಿಕ್ಕಿತು. ಅದನ್ನು ಮಾಡಿಸಿದ ಬುದ್ಧಿಯನ್ನು ನೇಣುಹಾಕುವುದು ಸಾಧ್ಯವೆ?

ಇತ್ತ ನ್ಯಾಯಸ್ಥಾನವೇ ಒಂದು ಜನಕ್ಕೆ ತನ್ನ ಬಾಗಿಲನ್ನು ಮುಚ್ಚಿತು. 1850ರಲ್ಲಿ ಪರದೇಶದ ಗಣಿಗಾರರಿಗೆ ತಿಂಗಳಿಗೆ 20 ಡಾಲರುಗಳ ತೆರಿಗೆ ಬಿದ್ದಿತ್ತು. 1854ರಲ್ಲಿ ಕ್ಯಾಲಿಫೋರ್ನಿಯದ ಅತ್ಯುನ್ನತ ನ್ಯಾಯಸ್ಥಾನವು ಬಿಳಿಯನ ವಿರುದ್ಧ ಚೀಣೀಯನ ಸಾಕ್ಷ್ಯ ಸಲ್ಲದೆಂದು ತೀರ್ಮಾನಿಸಿ, ಚೀಣೀಯನೊಬ್ಬನನ್ನು ಕೊಂದನೆಂದು ಶಿಕ್ಷೆಗೆ ಗುರಿಯಾಗಿದ್ದ ಹಾಲ್ ಎಂಬಾತನ ತೀರ್ಪನ್ನು ರದ್ದುಮಾಡಿತು. ಕಣ್ಣಾರೆ ಕಂಡರೂ ಹೇಳುವಂತಿಲ್ಲವೆಂದಮೇಲೆ ದುರ್ಬಲನು ಯಾರ ಮೊರೆ ಹೊಗಬೇಕು? ಹೊಸಬರಿಗೆ ನೆರವಾಗುತ್ತಿದ್ದ ಸತ್ಸಂಘಗಳು ಚೀಣೀಯರಲ್ಲಿ ಇದ್ದುವು. ಅವುಗಳ ಮಗ್ಗುಲಲ್ಲಿಯೇ ‘ಟಾಂಗ್’ ಎಂಬ ಗುಪ್ತಕೂಟಗಳು ಬೆಳೆದುವು. ರಕ್ಷಣೆಯನ್ನು ಅವು ಬೆಲೆಗೆ ಮಾರಿದುವು. ಜೂಜು, ಅಫೀಮು, ಹೆಂಗಸರ ವ್ಯಾಪಾರ ಇವುಗಳಿಂದ ಹಣ ಗಳಿಸಿ, ತಮ್ಮತಮ್ಮೊಳಗೇ ಕೊಲೆಯಾಡಿದುವು. 1897ರ ಜನವರಿಯಲ್ಲಿ ಅಂಥ ಕೂಟದ ನಾಯಕ ಫಂಗ್ ಜಿಂಗ್ ಟಾಯ್ ಕ್ಷೌರದಂಗಡಿಯಲ್ಲಿ ಗುಂಡಿಗೆ ಬಲಿಯಾದನು. ಬಂದರಿನ ಬದಿಯ ‘ಬಾರ್ಬರಿ ಕೋಸ್ಟ್’ ಕೇರಿಯಲ್ಲಿ ಬಿಳಿಯರ ಪಾತಕವೂ ಇಷ್ಟೇ ಕ್ರಮಬದ್ಧವಾಗಿತ್ತು. ಅಮಲು ಕುಡಿಸಿ ಮೈಮರೆಸಿದ ಗಂಡಸರನ್ನು ಅಲ್ಲಿಯ ದಲ್ಲಾಳಿಗಳು ಹಡಗುಗಳಿಗೆ ಮಾರುತ್ತಿದ್ದರು.

ಕಡೆಗೆ ಬೇಲಿಯೇ ಎದ್ದು ಹೊಲ ಮೇಯ್ದಿತು. 1901ರಲ್ಲಿ ವಾದ್ಯಗಾರರಾದ ಷ್ಮಿಟ್ಸ್ ನಗರಾಧ್ಯಕ್ಷರಾಗಿ ಆಯ್ಕೆಯಾದರು. ಸೂತ್ರವೆಲ್ಲ ಏಬ್ ರೂಫ್ ಎಂಬ ವಕೀಲನ ಕೈಯಲ್ಲಿತ್ತು. ಟ್ರಾಮ್, ಟೆಲಿಫೋನು, ಅನಿಲದ ಕಂಪೆನಿಗಳ ಹಣ ನಗರಸಭೆಯ ಸದಸ್ಯರಿಗೆ ಹಂಚಿಹೋಯಿತು. 1906ರ ಏಪ್ರಿಲ್ 18ರ ಭೂಕಂಪದಲ್ಲಿ ಊರು ಬಿದ್ದು ಸುಟ್ಟುಹೋದ ವರ್ಷವೇ ಇದರ ವಿಚಾರಣೆಯೂ ಮೊದಲಾಯಿತು. ಈ ಸಲ ಯಾರೂ ಹಗ್ಗ ಹಿಡಿದು ಬೀದಿಗಿಳಿಯಲಿಲ್ಲ. 1908ರ ನವೆಂಬರಿನಲ್ಲಿ ಸರ್ಕಾರದ ಪರವಾಗಿ ವಾದಿಸುತ್ತಿದ್ದ ಹೆನಿ ಅವರಿಗೆ ನ್ಯಾಯಸ್ಥಾನದಲ್ಲಿಯೇ ಗುಂಡೇಟು ಬಿದ್ದಿತು. ಅವರು ಬದುಕಿಕೊಂಡರು, ಮೊಕದ್ದಮೆ ನಿಲ್ಲಲಿಲ್ಲ. ಹಿರಂ ಜಾನ್ಸನ್ ಅವರು ವಾದವನ್ನು ಮುಂದುವರಿಸಿದರು; ಡಿಸೆಂಬರಿನಲ್ಲಿ ರೂಫ್ ಅಪರಾಧಿಯೆಂದು ತೀರ್ಪಾಯಿತು. ಲಂಚ ಕೊಟ್ಟ ಕಂಪೆನಿಗಳ ದೊಡ್ಡವರು ಶಿಕ್ಷೆಯಿಂದ ಪಾರಾದರೆಂಬುದನ್ನೂ ನಾವು ಮರೆಯಲಾಗದು.

ನೇಣಿನ ಕೆಲಸ ಒಂದೇ ರಾತ್ರಿಯದು. ನ್ಯಾಯದ ಕೆಲಸ ನಿಧಾನ, ಅದರ ಫಲವೂ ಹಲವು ವೇಳೆ ಅರೆಪಾಲು. ಆದರೂ ಎಂಟು ಜನರ ನೇಣು ಮುಟ್ಟಲಾರದಿದ್ದ ಬೇರನ್ನು ಮುಟ್ಟಿದುದು ಬಹಿರಂಗ ವಿಚಾರಣೆಯೇ. ಬಡವನೂ ಪರದೇಶಿಯೂ ನಿರ್ಭಯವಾಗಿ ಬಂದು ಸಾಕ್ಷಿ ನುಡಿಯಬಹುದಾದ ನ್ಯಾಯಸ್ಥಾನ ಎಲ್ಲಿಲ್ಲವೋ ಅಲ್ಲಿ ರಕ್ಷಣೆಯನ್ನು ಮಾರುವವನು ಅಂಗಡಿ ತೆರೆಯುತ್ತಾನೆ. ಹೊನ್ನಿನ ಹೊಳೆಗಳು ಬತ್ತಿದರೂ ಅವನ ವ್ಯಾಪಾರ ಬತ್ತುವುದಿಲ್ಲ.